ಹೆಸರಿಗೊಂದು ಮುಖ: ವಂಶವೃಕ್ಷಕ್ಕೆ ಚಿತ್ರಗಳನ್ನು ಜೋಡಿಸುವ ಬಗೆ



ಸಾಮಾನ್ಯವಾಗಿ ಡಿಸೆಂಬರ್ 17ರ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ವಂಶಾವಳಿಯನ್ನು ಓದುತ್ತಾರೆ. ಅಬ್ರಹಾಮನಿಂದ ಆರಂಭವಾಗುವ ಆ ಹೆಸರುಗಳ ಸಾಲು ಮುಗಿಯುವಷ್ಟರಲ್ಲಿ ಮಕ್ಕಳು ಆಕಳಿಸತೊಡಗುತ್ತಾರೆ. ಆದರೆ ನಮ್ಮ ಮುತ್ತಜ್ಜನ ತಂದೆಯ ಹೆಸರೇನೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲೆವು?

ಈ ವಿಷಯದಲ್ಲಿ ಕಥೋಲಿಕ ಕುಟುಂಬಗಳು ಭಾಗ್ಯವಂತರು. ದೀಕ್ಷಾಸ್ನಾನ ಮತ್ತು ವಿವಾಹಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯೂ ಪ್ರತಿ ಧರ್ಮಕೇಂದ್ರದಲ್ಲಿ ದೀಕ್ಷಾಸ್ನಾನ, ವಿವಾಹ ಹಾಗೂ ಮರಣದ ಪುಸ್ತಕಗಳಿರಬೇಕೆಂದು ಹೇಳುತ್ತದೆ. ಗುರುಗಳ ಅನುಮತಿ ಪಡೆದು ಹುಡುಕಿದರೆ ಹೆಸರು ಸಿಕ್ಕೀತು, ದಿನಾಂಕವೂ ಸಿಕ್ಕೀತು. ಮುಖ ಮಾತ್ರ ಅಲ್ಲಿ ಸಿಕ್ಕದು. ಮುಖಗಳಿರುವುದು ನಮ್ಮ ಮನೆಯ ಟ್ರಂಕಿನಲ್ಲಿ: ಪ್ರಥಮ ಪರಮಪ್ರಸಾದದ ಚಿತ್ರ, ಮದುವೆಯ ಚಿತ್ರ, ಶವಪೆಟ್ಟಿಗೆಯ ಸುತ್ತ ಇಡೀ ಬಳಗ ನಿಂತು ತೆಗೆಸಿಕೊಂಡ ಚಿತ್ರ. ಅಂತೋಣಿ ಎಂಬ ಹೆಸರು ತಲೆಮಾರಿಗೊಮ್ಮೆ ಮರಳಿ ಬರುವ ನಮ್ಮ ಮನೆಗಳಲ್ಲಿ, ಯಾವ ಅಂತೋಣಿ ಯಾರೆಂದು ತಿಳಿಯಲು ಮುಖವೇ ಆಧಾರ.

ನಾನೂ ಹಾಗೆಯೇ ನಮ್ಮ ಮನೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ನೆಟ್‌ವರ್ಕ್ ಡ್ರೈವ್‌ನಲ್ಲಿ ಇಟ್ಟೆ. ಇದು ಮನೆಯ ರೌಟರಿಗೆ ಜೋಡಿಸಿದ ಒಂದು ಪೆಟ್ಟಿಗೆ. ಮನೆಯ ಎಲ್ಲ ಕಂಪ್ಯೂಟರುಗಳಿಗೂ ಅದರೊಳಗಿನ ಚಿತ್ರಗಳು ಕಾಣುತ್ತವೆ. ವಂಶವೃಕ್ಷಕ್ಕೆ ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶವನ್ನು ಆರಿಸಿಕೊಂಡು, ಒಬ್ಬೊಬ್ಬರ ಹೆಸರಿಗೂ ಚಿತ್ರ ಜೋಡಿಸಿದೆ. ಹೊಸ ಕಂಪ್ಯೂಟರ್ ಬಂದ ದಿನ ತೆರೆದು ನೋಡಿದರೆ ಒಂದು ಚಿತ್ರವೂ ಇಲ್ಲ! ಪಕ್ಕದಲ್ಲಿ ಕುಳಿತಿದ್ದ ಅಮ್ಮ, "ನಮ್ಮಪ್ಪ ಎಲ್ಲಿ ಹೋದರು ಮಗಾ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಚಿತ್ರಗಳು ಕಳೆದಿರಲಿಲ್ಲ, ವಿಳಾಸ ತಪ್ಪಿತ್ತು. ಗ್ರ್ಯಾಂಪ್ಸ್‌ನಂಥ ತಂತ್ರಾಂಶ ಚಿತ್ರವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆಗೆ 'ಝಡ್' ಎಂಬ ಅಕ್ಷರವಿತ್ತು, ಹೊಸದರಲ್ಲಿ ಅದು 'ವೈ' ಆಗಿತ್ತು. ಮನೆ ಅಲ್ಲೇ ಇದ್ದರೂ ಬೀದಿಯ ಹೆಸರು ಬದಲಾದರೆ ಹೊಸ ಅಂಚೆಯವನು ತಿರುಗಿ ಹೋಗುವುದಿಲ್ಲವೇ? ಹಾಗೆಯೇ ಇದು.

ಇದಕ್ಕೆ ಪರಿಹಾರವೇನು?

ಮೊದಲನೆಯದಾಗಿ, ಎಲ್ಲ ಚಿತ್ರಗಳನ್ನೂ ಒಂದೇ ಮುಖ್ಯ ಫೋಲ್ಡರಿನೊಳಗೆ ಇಡಿ. ಬೇಕಾದರೆ ಅದರೊಳಗೆ ಕುಟುಂಬಕ್ಕೊಂದು ಉಪಫೋಲ್ಡರ್ ಮಾಡಿಕೊಳ್ಳಿ. ಚಿತ್ರಗಳಿಗೆ ಮೊದಲೇ ಸರಿಯಾದ ಹೆಸರು ಕೊಡಿ. ಒಮ್ಮೆ ಜೋಡಿಸಿದ ಮೇಲೆ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಾಯಿಸಬೇಡಿ.

ಎರಡನೆಯದಾಗಿ, ಗ್ರ್ಯಾಂಪ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಆ ಮುಖ್ಯ ಫೋಲ್ಡರನ್ನು ಚಿತ್ರಗಳ ಮೂಲ ವಿಳಾಸವೆಂದು ತಿಳಿಸಿ. ಬಳಿಕ ಟೂಲ್ಸ್ ಪಟ್ಟಿಯಲ್ಲಿರುವ ಮೀಡಿಯಾ ಮ್ಯಾನೇಜರ್‌ನಿಂದ ಪೂರ್ಣ ವಿಳಾಸಗಳನ್ನು ಸಾಪೇಕ್ಷ ವಿಳಾಸಗಳಾಗಿ ಮಾರ್ಪಡಿಸಿ. ಆಗ ಪ್ರತಿ ಚಿತ್ರದ ಮುಂದೆ ಮುಖ್ಯ ಫೋಲ್ಡರಿನಿಂದ ಈಚಿನ ದಾರಿ ಮಾತ್ರ ಉಳಿಯುತ್ತದೆ. ನಾಳೆ ಡ್ರೈವ್ ಬದಲಾದರೂ ತಿದ್ದಬೇಕಾದದ್ದು ಒಂದೇ ಸಾಲು, ನೂರಾರು ಅಲ್ಲ. ಈಗಾಗಲೇ ಕೊಂಡಿಗಳು ಕಡಿದಿದ್ದರೆ, ಅದೇ ಮೀಡಿಯಾ ಮ್ಯಾನೇಜರ್‌ನಲ್ಲಿ ಹಳೆಯ ವಿಳಾಸದ ಭಾಗವನ್ನು ಒಟ್ಟಿಗೇ ಹೊಸದಕ್ಕೆ ಬದಲಿಸಬಹುದು. ನಮ್ಮ ಮನೆಯಲ್ಲಿ ಅಜ್ಜ ಮರಳಿ ಬಂದದ್ದು ಹೀಗೆಯೇ.

ಮೂರನೆಯದಾಗಿ, ವಿಂಡೋಸ್ ಇರುವ ಎಲ್ಲ ಕಂಪ್ಯೂಟರುಗಳಲ್ಲೂ ಪೆಟ್ಟಿಗೆಗೆ ಒಂದೇ ಅಕ್ಷರ ಕೊಡಿ. ಕಂಪ್ಯೂಟರ್ ತೆರೆದಾಗಲೆಲ್ಲ ತಾನಾಗಿ ಸಂಪರ್ಕವಾಗುವಂತೆ ಗುರುತು ಹಾಕಿ.

ಇಲ್ಲೊಂದು ಎಚ್ಚರಿಕೆ. ಕರೆಂಟು ಹೋಗಿ ಪೆಟ್ಟಿಗೆ ನಿಂತಿರುವಾಗ ಚಿತ್ರಗಳು ಕಾಣುವುದಿಲ್ಲ. ಆಗ ಗಾಬರಿಯಿಂದ ದತ್ತಸಂಗ್ರಹವನ್ನು ದುರಸ್ತಿ ಮಾಡುವ ಸಾಧನವನ್ನು ಓಡಿಸಬೇಡಿ. ಚಿತ್ರ ಸಿಗಲಿಲ್ಲ, ತೆಗೆದುಹಾಕಲೇ ಎಂದು ಅದು ಕೇಳುತ್ತದೆ. ಹೌದೆಂದರೆ ತಿಂಗಳುಗಟ್ಟಲೆ ಜೋಡಿಸಿದ ಕೊಂಡಿಗಳು ಹೋಗಿಬಿಡುತ್ತವೆ. ಮೊದಲು ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ನೋಡಿ.

ಚಿತ್ರಗಳು ನೆಟ್‌ವರ್ಕ್ ಡ್ರೈವ್‌ನಲ್ಲಿ ಇರಲಿ, ಆದರೆ ವಂಶವೃಕ್ಷದ ದತ್ತಸಂಗ್ರಹ ನಿಮ್ಮ ಕಂಪ್ಯೂಟರಿನಲ್ಲೇ ಇರಲಿ. ಅಣ್ಣತಮ್ಮಂದಿರು ಇಬ್ಬರೂ ಒಂದೇ ವೇಳೆಗೆ ತೆರೆದು ಬರೆದರೆ ಅದು ಕೆಡುವ ಅಪಾಯವಿದೆ.

ಕೊಲ್ಲಿ ನಾಡಿನಲ್ಲಿರುವ ಮಗಳಿಗೋ ತಂಗಿಗೋ ವಂಶವೃಕ್ಷ ಕಳುಹಿಸುವಾಗಲೂ ಇದೇ ಮಾತು ನೆನಪಿರಲಿ. ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಜೆಡ್‌ಕಾಮ್ ಕಡತದಲ್ಲಿ ಹೆಸರು, ದಿನಾಂಕ, ಚಿತ್ರದ ವಿಳಾಸ ಹೋಗುತ್ತವೆ; ಚಿತ್ರ ಹೋಗುವುದಿಲ್ಲ. 2021ರಲ್ಲಿ ಬಂದ ಅದರ 7.0 ಆವೃತ್ತಿಯಲ್ಲಿ ಚಿತ್ರಗಳನ್ನೂ ಸೇರಿಸಿ ಕಟ್ಟುವ ವಿಧಾನವಿದೆ, ಆದರೆ ಪಡೆಯುವವರ ತಂತ್ರಾಂಶಕ್ಕೂ ಅದು ತಿಳಿದಿರಬೇಕು. ಇಬ್ಬರ ಬಳಿಯೂ ಗ್ರ್ಯಾಂಪ್ಸ್ ಇದ್ದರೆ ಚಿತ್ರಸಹಿತವಾದ ಅದರ ಪ್ಯಾಕೇಜ್ ರೂಪದಲ್ಲಿ ಕಳುಹಿಸುವುದು ಸುಲಭ.

ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿವೆ, ಇನ್ನೇನು ಭಯ ಎನ್ನಬೇಡಿ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ ಇನ್ನೊಂದು ಮನೆಯಲ್ಲಿ ಇರಿಸಿ.

ಕೊನೆಯದಾಗಿ ಒಂದು ಮಾತು. ಕಡಿದ ಕೊಂಡಿಯನ್ನು ಮತ್ತೆ ಜೋಡಿಸಬಹುದು. ಆದರೆ ಚಿತ್ರದಲ್ಲಿರುವವರು ಯಾರೆಂದು ಬಲ್ಲ ಕಡೆಯ ಹಿರಿಯರು ಕಣ್ಮುಚ್ಚಿದ ಮೇಲೆ ಯಾವ ತಂತ್ರಾಂಶವೂ ಆ ಹೆಸರನ್ನು ಹುಡುಕಿಕೊಡದು. ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಮನೆಗೆ ಬಂದಾಗ, ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದೊಂದೇ ಚಿತ್ರ ತೋರಿಸಿ ಕೇಳಿರಿ, ಬರೆದುಕೊಳ್ಳಿರಿ. ಕಂಪ್ಯೂಟರಿನ ಕೆಲಸ ನಾಳೆಯೂ ಆದೀತು. ಅಜ್ಜಿಯನ್ನು ಕೇಳುವ ಕೆಲಸ ಇಂದೇ ಆಗಲಿ.