ಮೊದಲ ಸಲ ಕೋವಿ ಕೊಳ್ಳುವವರಿಗೆ ಭೌತಶಾಸ್ತ್ರದ ಕಿವಿಮಾತು

ಕೇಳದವರಿಗೆ ಬುದ್ಧಿ ಹೇಳಬಾರದೆಂಬುದು ಲೋಕರೂಢಿ. ಈಚೆಗೆ ನಾನು ಆ ರೂಢಿಯನ್ನು ಮುರಿದೆ. ಅರಕಲಗೂಡು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಪ್ರೌಢಶಾಲೆಯಲ್ಲಿ ಅಧ್ಯಾಪಕರು. ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕವರು, ‘ಹಂದಿ ಕಾಟಕ್ಕೆ ಕೋವಿ ಲೈಸೆನ್ಸ್ ಮಾಡಿಸಿದೆ ಸಾರ್, ಮುಂದಿನ ವಾರ ತರ್ತೀನಿ’ ಎಂದರು. ‘ಎಲ್ಲಿಡ್ತೀಯಪ್ಪಾ?’ ಎಂದೆ. ‘ಅಟ್ಟದ ಮೇಲೆ ಸಾರ್, ಮಕ್ಕಳಿಗೆ ಎಟುಕಲ್ಲ.’ ಬಸ್ಸು ಬರುವವರೆಗೆ ನಾನು ಹೇಳಿದ್ದು ಅವರು ಕೇಳದಿದ್ದ ಪಾಠ. ಅದನ್ನೇ ಇಲ್ಲಿ ತುಸು ವಿಸ್ತರಿಸಿದ್ದೇನೆ.

ಅರಕಲಗೂಡು ತಾಲ್ಲೂಕಿನ ಗಡಿಯಾಚೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಅಲ್ಲಿ ಕೋವಿಯೊಡನೆ ಅದರ ಶಿಸ್ತೂ ಹಿರಿಯರಿಂದ ಕಿರಿಯರಿಗೆ ಬರುತ್ತದೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ರೈತ ಮೊದಲ ಸಲ ಕೋವಿ ಹಿಡಿದಾಗ ಹಾಗೆ ಕಲಿಸುವವರು ಮನೆಯಲ್ಲಿ ಇರುವುದು ಅಪರೂಪ. ಶಸ್ತ್ರಾಸ್ತ್ರ ನಿಯಮಗಳು 2016 ತರಬೇತಿಯನ್ನು ವಿಧಿಸಿವೆ, ನಿಜ. ಆದರೆ ಪ್ರತಿ ನಿಯಮದ ಹಿಂದಿನ ಕಾರಣ ತಿಳಿದರೆ ಅದು ಮರೆಯುವುದಿಲ್ಲ. ಆ ಕಾರಣ ಬಹುಪಾಲು ಒಂಬತ್ತನೆಯ ತರಗತಿಯ ಭೌತಶಾಸ್ತ್ರದಲ್ಲೇ ಇದೆ.

ಬೆರಳಿನ ಕೆಲಸ, ಮದ್ದಿನ ಶಕ್ತಿ

ಟ್ರಿಗರ್ ಎಳೆಯಲು ಸುಮಾರು 20 ನ್ಯೂಟನ್ ಬಲ ಬೇಕು, ಅದು ಸುಮಾರು 3 ಮಿ.ಮೀ. ಚಲಿಸುತ್ತದೆ ಎಂದಿಟ್ಟುಕೊಳ್ಳೋಣ. ಬೆರಳು ಮಾಡುವ ಕೆಲಸ 20 × 0.003 = 0.06 ಜೂಲ್. ಇದು 100 ಗ್ರಾಂ ಸೋಪನ್ನು 6 ಸೆಂ.ಮೀ. ಮೇಲೆತ್ತುವಷ್ಟು ಕೆಲಸ.

ಹೊರಬರುವುದೆಷ್ಟು? 12 ಬೋರ್ ತೋಟಾದಲ್ಲಿ 32 ಗ್ರಾಂ ಚರೆ ಇದ್ದು, ಅದು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ ಚಲನಶಕ್ತಿ ½ × 0.032 × 400 × 400 = 2560 ಜೂಲ್. ಅಂದರೆ ಬೆರಳಿನ ಕೆಲಸದ ನಲವತ್ತು ಸಾವಿರ ಪಟ್ಟಿಗೂ ಹೆಚ್ಚು. ಈ ಶಕ್ತಿ ಬೆರಳಿನದಲ್ಲ. ಮದ್ದಿನಲ್ಲಿ ರಾಸಾಯನಿಕ ರೂಪದಲ್ಲಿ ಅಡಗಿದ್ದುದು. ಬೆರಳು ಬಾಗಿಲು ತೆರೆಯಿತು, ಅಷ್ಟೆ. ಮಗುವಿನ ಬೆರಳೂ ಆ ಬಾಗಿಲನ್ನು ತೆರೆಯಬಲ್ಲದು.

ಅಟ್ಟದ ಮಾತಿಗೂ ಇದೇ ಲೆಕ್ಕ. ಮೂರು ಕೆ.ಜಿ. ಕೋವಿ ಒಂದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ಶಕ್ತಿ ಸುಮಾರು 29 ಜೂಲ್, ಅಂದರೆ ಟ್ರಿಗರಿಗೆ ಬೇಕಾದುದರ ಸುಮಾರು 500 ಪಟ್ಟು. ಒಳಗಿನ ಕೊಕ್ಕೆ ಸವೆದಿರುವ ಹಳೆಯ ಕೋವಿಯಾದರೆ, ಆ ಹೊಡೆತದ ಅಲ್ಪ ಭಾಗವೂ ಗುಂಡು ಹಾರಿಸಲು ಸಾಕು. ಆದ್ದರಿಂದ ತೋಟಾ ತುಂಬಿದ ಕೋವಿಯನ್ನು ಗೋಡೆಗೆ ಒರಗಿಸಬಾರದು, ಬೇಲಿ ದಾಟಬಾರದು, ಜೀಪಿನಲ್ಲಿ ಒಯ್ಯಬಾರದು.

ಗುಂಡು ಎಷ್ಟು ದೂರ ಹೋಗುತ್ತದೆ?

ಗಾಳಿಯೇ ಇಲ್ಲದಿದ್ದರೆ 45 ಡಿಗ್ರಿ ಕೋನದಲ್ಲಿ ಹಾರಿದ ಚರೆ v²/g ಸೂತ್ರದಂತೆ 16 ಕಿ.ಮೀ. ದಾಟುತ್ತಿತ್ತು. ಹಾಸನದಿಂದ ಹೊಳೆನರಸೀಪುರದ ಹಾದಿಯಲ್ಲಿ ಹೆಚ್ಚುಕಡಿಮೆ ಅರ್ಧ! ಗಾಳಿಯ ತಡೆ ನಮ್ಮನ್ನು ಕಾಯುತ್ತದೆ. ಸೀಸದ ದುಂಡು ಚರೆಯ ಗರಿಷ್ಠ ದೂರಕ್ಕೆ ಒಂದು ಸ್ಥೂಲ ಸೂತ್ರವಿದೆ: ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 80 ಮೀಟರ್. ಹಕ್ಕಿಗೆಂದು ಮಾಡಿದ 2.6 ಮಿ.ಮೀ. ಚರೆ 200 ಮೀಟರ್, 8 ಮಿ.ಮೀ. ದಪ್ಪ ಚರೆ 600 ಮೀಟರಿಗೂ ಆಚೆ. ರೈಫಲ್ಲಿನ ಗುಂಡಿನದು ಕಿಲೋಮೀಟರುಗಳ ಲೆಕ್ಕ.

ಜೋಳದ ಹೊಲದ ಬದುವಿನಿಂದ 600 ಮೀಟರ್ ಎಂದರೆ ಪಕ್ಕದ ಊರಿನ ದಾರಿಯೇ ಇರಬಹುದು. ಗುರಿಯ ಹಿಂದೆ ಏನಿದೆಯೆಂದು ನೋಡದೆ ಹೊಡೆಯಬಾರದು ಎನ್ನುವುದು ಇದಕ್ಕೇ. ಗುರಿಯ ಹಿಂದೆ ಮಣ್ಣಿನ ದಿಬ್ಬವಿದ್ದರೆ ಗುಂಡು ಅದರಲ್ಲಿ ಹೂತುಹೋಗುತ್ತದೆ. ಚನ್ನರಾಯಪಟ್ಟಣದ ಸುತ್ತಲಿನಂಥ ಹಾಸುಬಂಡೆಯಾದರೆ ಓರೆಯಾಗಿ ಬಡಿದು ಎತ್ತಲೋ ಚಿಮ್ಮುತ್ತದೆ. ಕೆರೆಯ ನೀರೂ ಹಾಗೆಯೇ. ಮಕ್ಕಳು ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವುದನ್ನು ನೆನೆಯಿರಿ.

ಮದುವೆ, ಮೆರವಣಿಗೆಗಳಲ್ಲಿ ಆಕಾಶಕ್ಕೆ ಹಾರಿಸಿದ ಗುಂಡೂ ಎಲ್ಲೋ ಇಳಿಯಲೇಬೇಕು. ನಿರ್ಲಕ್ಷ್ಯದಿಂದ ಹೀಗೆ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮತ್ತೊಂದು ಸಂಖ್ಯೆ. ನಲವತ್ತು ಮೀಟರ್ ದಾಟಲು ಚರೆಗೆ ಬೇಕಾದ ಕಾಲ ಸುಮಾರು 0.1 ಸೆಕೆಂಡು, ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಬೇಕಾದದ್ದು ಸುಮಾರು 0.2 ಸೆಕೆಂಡು. ‘ಅಯ್ಯೋ, ಹಂದಿಯಲ್ಲ’ ಎಂದು ಮನಸ್ಸಿಗೆ ಹೊಳೆಯುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಕತ್ತಲಲ್ಲಿ ಕಣ್ಣಿನ ದಂಡಕೋಶಗಳು ಮಾತ್ರ ಕೆಲಸ ಮಾಡುವುದರಿಂದ ಬಣ್ಣವಾಗಲಿ ಸೂಕ್ಷ್ಮ ವಿವರವಾಗಲಿ ಕಾಣದು. ಪೊದೆ ಅಲುಗಾಡಿತೆಂದು ಹೊಡೆದು ಮನುಷ್ಯರು ಸತ್ತ ಪ್ರಕರಣಗಳು ಮಲೆನಾಡಿಗೆ ಹೊಸವಲ್ಲ. ಕೋವಿಯ ಲೈಸೆನ್ಸು ಕಾಡುಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ ಎಂಬುದನ್ನೂ ಮರೆಯಬಾರದು.

12 ಬೋರ್ ಎಂದರೇನು?

ನಳಿಗೆಯ ಒಳವ್ಯಾಸಕ್ಕೆ ಸರಿಯಾದ 12 ಸೀಸದ ಗೋಳಗಳು ಸೇರಿ ಒಂದು ಪೌಂಡ್ (453.6 ಗ್ರಾಂ) ತೂಗಿದರೆ ಅದು 12 ಬೋರ್. ಒಂದು ಗೋಳದ ರಾಶಿ 37.8 ಗ್ರಾಂ, ಸೀಸದ ಸಾಂದ್ರತೆ 11.34 ಆದ್ದರಿಂದ ಗಾತ್ರ 3.33 ಘನ ಸೆಂ.ಮೀ., ವ್ಯಾಸ 18.5 ಮಿ.ಮೀ. ಇದೇ ಲೆಕ್ಕದಲ್ಲಿ 20 ಬೋರ್ ಎಂದರೆ 15.6 ಮಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು.

ಇದು ಬರಿಯ ಕುತೂಹಲದ ಮಾತಲ್ಲ. 20 ಬೋರ್ ತೋಟಾ ತಪ್ಪಿ 12 ಬೋರ್ ಕೋವಿಗೆ ಹೋದರೆ ಒಳಗೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ತಿಳಿದು ಹಿಂದಿನಿಂದ ಇನ್ನೊಂದು ತೋಟಾ ಹಾಕಿ ಹೊಡೆದರೆ ಅನಿಲಕ್ಕೆ ಮುಂದೆ ದಾರಿಯಿಲ್ಲ; ನಳಿಗೆಯೇ ಸಿಡಿಯುತ್ತದೆ. ಕೆಸರು, ಸಿಕ್ಕಿಬಿದ್ದ ಬಟ್ಟೆಯ ಚೂರು ಕೂಡ ಇದೇ ಅನಾಹುತ ಮಾಡಬಲ್ಲವು. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಹಿಂಬದಿಯನ್ನು ತೆರೆದು, ಅಲ್ಲಿಂದಲೇ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ಪ್ರತಿ ಸಲವೂ ನೋಡಬೇಕು. ಟ್ರಿಗರ್ ಎಳೆದರೂ ತೋಟಾ ಸಿಡಿಯದಿದ್ದರೆ ತಕ್ಷಣ ತೆರೆಯಬಾರದು. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಒಂದು ನಿಮಿಷ ಕಾಯಬೇಕು.

ನಿಯಮಗಳ ಗುಣಾಕಾರ

ಕೋವಿ ಬಲ್ಲವರು ನಾಲ್ಕು ನಿಯಮ ಹೇಳುತ್ತಾರೆ. ಪ್ರತಿ ಕೋವಿಯೂ ತುಂಬಿದೆಯೆಂದೇ ಭಾವಿಸು. ಹೊಡೆಯಲು ಇಚ್ಛಿಸದ ಯಾವುದರತ್ತಲೂ ನಳಿಗೆ ತಿರುಗಿಸಬೇಡ. ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ಗುರಿಯನ್ನೂ ಅದರ ಹಿಂದಿರುವುದನ್ನೂ ತಿಳಿದುಕೊ.

ಖಾಲಿ ಮಾಡಿದ ಕೋವಿಯ ವಿಷಯದಲ್ಲಿ ಇಷ್ಟೆಲ್ಲ ಏಕೆ? ಮನುಷ್ಯ ಪ್ರತಿ ನಿಯಮವನ್ನೂ ನೂರರಲ್ಲಿ ಒಮ್ಮೆ ಮರೆಯುತ್ತಾನೆ ಎಂದುಕೊಳ್ಳಿ. ಒಂದೇ ನಿಯಮವಿದ್ದರೆ ಅಪಾಯದ ಸಂಭಾವ್ಯತೆ 1/100. ಪರಸ್ಪರ ಸ್ವತಂತ್ರವಾದ ಎರಡು ನಿಯಮಗಳಿದ್ದರೆ 1/10,000; ಮೂರಿದ್ದರೆ ಹತ್ತು ಲಕ್ಷದಲ್ಲಿ ಒಂದು. ಮರೆವನ್ನು ಗೆಲ್ಲಲಾಗದು, ಎಲ್ಲ ಮರೆವುಗಳೂ ಒಂದೇ ಕ್ಷಣದಲ್ಲಿ ಕೂಡದಂತೆ ನೋಡಿಕೊಳ್ಳಬಹುದು.

ಎಲ್ಲವೂ ಕೂಡಿದ ದಿನ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣದ ನೆರೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, 2025ರ ಫೆಬ್ರವರಿಯಲ್ಲಿ, ಅಲ್ಲಿದ್ದ ಕೋವಿಯನ್ನು ಬಾಲಕನೊಬ್ಬ ಆಟವಾಡುತ್ತ ಕೈಗೆತ್ತಿಕೊಂಡ. ಗುಂಡು ಹಾರಿ ಪುಟ್ಟ ಮಗುವೊಂದು ಸತ್ತಿತು, ತಾಯಿಗೆ ಗಾಯವಾಯಿತು. ಬಾಲಕನಿಗೆ ಕೊಲ್ಲುವ ಉದ್ದೇಶವಿರಲಿಲ್ಲ. ಆದರೆ ಉದ್ದೇಶವೆಂಬುದು 0.06 ಜೂಲಿನ ಲೆಕ್ಕದಲ್ಲಿ ಬರುವುದೇ ಇಲ್ಲ.

ಆದಕಾರಣ ಮನೆಯಲ್ಲಿ ಕೋವಿ ಖಾಲಿಯಾಗಿ ಬೀಗದೊಳಗಿರಬೇಕು. ತೋಟಾ ಬೇರೊಂದು ಬೀಗದೊಳಗೆ. ಬೀಗದ ಕೈ ಯಜಮಾನರ ಬಳಿಯೇ. ಎಟುಕದ ಎತ್ತರ ಬೀಗವಲ್ಲ. ಮಕ್ಕಳು ಬೆಳೆಯುತ್ತಾರೆ, ಏಣಿ ಮನೆಯಲ್ಲೇ ಇರುತ್ತದೆ. ಚುನಾವಣೆಯ ಸಮಯದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಲು ಒಯ್ಯುವಾಗ, ಮನೆ ಬಿಡುವ ಮೊದಲೇ ತೆರೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಚಲನಶಕ್ತಿಯ ಪಾಠದಲ್ಲಿ ಕೋವಿಯ ಉದಾಹರಣೆ ಹೇಗೂ ಬರುತ್ತದೆ. ಅಂದು ಟ್ರಿಗರಿನ ಲೆಕ್ಕವನ್ನೂ ಮಕ್ಕಳಿಂದ ಮಾಡಿಸಿ. ಅವರಲ್ಲಿ ಯಾರಾದರೂ ಮನೆಗೆ ಹೋಗಿ ‘ಅಪ್ಪಾ, ಕೋವಿ ಎಲ್ಲಿದೆ, ಬೀಗ ಹಾಕಿದೆಯಾ?’ ಎಂದು ಕೇಳಿದರೆ ಪಾಠ ಸಾರ್ಥಕ.

ನನ್ನ ವಿದ್ಯಾರ್ಥಿ ಹತ್ತು ದಿನದ ನಂತರ ಫೋನ್ ಮಾಡಿದರು. ಕೋವಿ ಇನ್ನೂ ಅಂಗಡಿಯಲ್ಲೇ ಇತ್ತು. ಬೀಗದ ಕಬ್ಬಿಣದ ಪೆಟ್ಟಿಗೆ ಮಾತ್ರ ಮನೆಗೆ ಬಂದಿತ್ತು. ಕೊಳ್ಳುವ ಕ್ರಮ ಅದೇ ಸರಿ.