ಹೆಗ್ಗಣದಿಂದ ಸಿಕ್ಕ ಚಿತ್ರ

ಕ್ರಿಕೆಟ್‌ನಲ್ಲಿ ವಿಕೆಟ್ ಬಿದ್ದ ಕೂಡಲೇ ಟಿವಿಯಲ್ಲಿ ಬೌಲರ್‌ನ ಮುಖ ಬರುತ್ತದೆ. ಅದನ್ನು ಆರಿಸುವಾತ ಮೈದಾನದಲ್ಲಿರುವುದಿಲ್ಲ. ಹೊರಗಿನ ಓಬಿ ವ್ಯಾನ್‌ನಲ್ಲಿ ಸಾಲು ಪರದೆಗಳ ಮುಂದೆ ಕುಳಿತಿರುತ್ತಾನೆ, ಅವನೇ ನಿರ್ದೇಶಕ. ಅಮೆರಿಕದ ಬೇಸ್‌ಬಾಲ್‌ನಲ್ಲಂತೂ ಅವನ ಪಾಡು ಹೇಳತೀರದು. ಚೆಂಡು ಒಂದು ಕಡೆ, ಓಡುವ ಆಟಗಾರರು ಇನ್ನೊಂದು ಕಡೆ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು? ಯೋಚಿಸೋಕೆ ಪುರಸೊತ್ತೇ ಇಲ್ಲ.

ಎನ್‌ಬಿಸಿ ವಾಹಿನಿಯ ಹ್ಯಾರಿ ಕಾಯ್ಲ್ ಇದರಲ್ಲಿ ಪಳಗಿದ ಕೈ. 1947ರಲ್ಲಿ ವರ್ಲ್ಡ್ ಸೀರೀಸ್ ಟಿವಿಗೆ ಬಂದಾಗಿನಿಂದ ಇದ್ದವರು.

1975ರ ಅಕ್ಟೋಬರ್, ಬಾಸ್ಟನ್‌ನ ಫೆನ್‌ವೇ ಪಾರ್ಕ್, ಸರಣಿಯ ಆರನೇ ಪಂದ್ಯ. ಮಧ್ಯರಾತ್ರಿ ದಾಟಿತ್ತು. 12ನೇ ಇನ್ನಿಂಗ್ಸ್, 6-6 ಸಮ. ಎಡಗಡೆ ಗೋಡೆಯ ಸ್ಕೋರ್‌ಬೋರ್ಡ್ ಒಳಗೆ ಕ್ಯಾಮೆರಾಮನ್ ಲೂ ಜೆರಾರ್ಡ್. ಬಾಸ್ಟನ್‌ನ ಕಾರ್ಲ್‌ಟನ್ ಫಿಸ್ಕ್ ಎತ್ತಿ ಹೊಡೆದರು. ಚೆಂಡಿನ ಹಿಂದೆ ಕ್ಯಾಮೆರಾ ತಿರುಗಬೇಕು, ಅದು ಆಗಿನ ಪದ್ಧತಿ. ಆದರೆ ಕಾಲ ಬಳಿಯೇ ದೊಡ್ಡ ಹೆಗ್ಗಣ! ಜೆರಾರ್ಡ್ ಅಲುಗಾಡಲಿಲ್ಲ, ಲೆನ್ಸ್ ಫಿಸ್ಕ್ ಮೇಲೆಯೇ ನಿಂತಿತು. ಚೆಂಡು ಗೆರೆ ಬಿಟ್ಟು ಹೊರಗೆ ಹೋಗದಿರಲಿ ಅಂತ ಫಿಸ್ಕ್ ಎರಡೂ ಕೈ ಬೀಸುತ್ತ ಕುಣಿದರು. ಚೆಂಡು ಗೆರೆಯ ಕಂಬಕ್ಕೇ ಬಡಿಯಿತು. ಹೋಮ್ ರನ್, 7-6.

ಆ ಕುಣಿತವನ್ನು ಅಮೆರಿಕದ ಮನೆಮನೆಗಳು ನೋಡಿದವು. ಆಟಗಾರನ ಮುಖಕ್ಕೇ ಒಂದು ಕ್ಯಾಮೆರಾ ಮೀಸಲಿಡುವ ಅಭ್ಯಾಸ ನಿರ್ದೇಶಕರಲ್ಲಿ ಬೆಳೆದದ್ದು ಅದರ ನಂತರವೇ. ಪಾಪ, ಬಾಸ್ಟನ್ ಏಳನೇ ಪಂದ್ಯ ಸೋತು ಸರಣಿ ಸಿನ್ಸಿನಾಟಿ ಪಾಲಾಯಿತು. 2005ರಲ್ಲಿ ಕ್ಲಬ್‌ನವರು ಆ ಕಂಬಕ್ಕೆ ಫಿಸ್ಕ್ ಹೆಸರಿಟ್ಟರು. ಜೆರಾರ್ಡ್ ಹೆಸರಲ್ಲಿ ಕಂಬ ಇಲ್ಲ, ಹೆಗ್ಗಣದ್ದಂತೂ ಇಲ್ಲವೇ ಇಲ್ಲ.