ಸ್ಕ್ಯಾನ್ ನಾರ್ಮಲ್ ಎಂದರೆ ಕಾಯಿಲೆ ಇಲ್ಲವೆಂದೇ?

ಕಾಲೇಜಿಗೆ ಹೋಗುತ್ತಿದ್ದ ಹುಡುಗ ಓದು ಬಿಟ್ಟು ಕೋಣೆ ಸೇರುತ್ತಾನೆ. ಸ್ನಾನ, ಊಟದ ಮೇಲೆ ಲಕ್ಷ್ಯವಿಲ್ಲ. ಒಬ್ಬನೇ ಮಾತಾಡುತ್ತಾನೆ, ನಗುತ್ತಾನೆ. ಯಾರೂ ಇಲ್ಲದಾಗಲೂ ಕಿವಿಯಲ್ಲಿ ಧ್ವನಿ ಕೇಳಿಸುತ್ತದೆ. ಓಣಿಯವರೆಲ್ಲ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ಸಂಶಯ. ಇವು ಸ್ಕಿಜೋಫ್ರೀನಿಯಾ, ಅಂದರೆ ಇಚ್ಚಿತ್ತ ವಿಕಲತೆಯ ಲಕ್ಷಣಗಳು. ನಂದಗಡ, ಖಾನಾಪುರದ ಕಡೆ ಇಂಥವರನ್ನು ಎಷ್ಟೋ ಮನೆಯವರು ಮೊದಲು ಗುಡಿಗೆ, ಆಮೇಲೆ ಮಾಟ ತೆಗೆಯುವವರ ಬಳಿಗೆ ಒಯ್ಯುತ್ತಾರೆ. ಕೊನೆಗೆ ವೈದ್ಯರಲ್ಲಿಗೆ ಬಂದಾಗ ಕೇಳುವುದು, ‘ಸಾಹೇಬ್ರ, ತಲಿ ಸ್ಕ್ಯಾನ್ ಮಾಡಿಸಿದ್ರ ಗೊತ್ತಾಗೂದಿಲ್ಲೇನ್ರಿ?’

ಪ್ರಶ್ನೆ ಸಹಜವಾದದ್ದೇ. 1976ರಲ್ಲಿ ಇಂಗ್ಲೆಂಡಿನ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಸಿ.ಟಿ. ಸ್ಕ್ಯಾನ್ ಬಳಸಿ, ಬಹುಕಾಲದ ರೋಗಿಗಳ ಮೆದುಳಿನೊಳಗಿನ ದ್ರವದ ಕುಹರಗಳು ಹಿಗ್ಗಿರುವುದನ್ನು ತೋರಿಸಿದರು. ಇದು ರೋಗದಿಂದಲೋ, ವರ್ಷಗಟ್ಟಲೆ ನುಂಗಿದ ಔಷಧದಿಂದಲೋ? ಉತ್ತರ ಬೇಕಾದರೆ ಇನ್ನೂ ಔಷಧ ಮುಟ್ಟದ, ಹೊಸ ರೋಗಿಗಳನ್ನೇ ಪರೀಕ್ಷಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥವರ ಎಂ.ಆರ್.ಐ. ಅಧ್ಯಯನಗಳು ನಡೆದಿವೆ. ಚಿಕಿತ್ಸೆ ತಡವಾಗುವ ನಮ್ಮ ದುರದೃಷ್ಟವೇ ಇಲ್ಲಿ ವಿಜ್ಞಾನಕ್ಕೆ ಒದಗಿ ಬಂದಿದೆ.

ಇಲ್ಲಿಯೂ ಹೊರದೇಶಗಳಲ್ಲಿಯೂ ಕಂಡದ್ದು ಇಷ್ಟು: ಕಾಯಿಲೆಯ ಆರಂಭದಲ್ಲೇ ಮೆದುಳಿನ ಹಣೆಯ ಮತ್ತು ಕಪೋಲದ ಭಾಗಗಳಲ್ಲಿ ಬೂದು ದ್ರವ್ಯ ಸರಾಸರಿ ತುಸು ಕಡಿಮೆ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ತುಸು ಚಿಕ್ಕದು. ಅಂದಮೇಲೆ ಇದು ಮಾಟವಲ್ಲ, ತಾಯಿತಂದೆ ಬೆಳೆಸಿದ ತಪ್ಪೂ ಅಲ್ಲ; ಮೆದುಳಿಗೆ ಸಂಬಂಧಿಸಿದ ಕಾಯಿಲೆ.

ಆದರೆ ‘ಸರಾಸರಿ’ ಎಂಬ ಮಾತನ್ನು ಗಮನಿಸಿ. ಎರಡು ಶಾಲೆಗಳ ಮಕ್ಕಳ ಸರಾಸರಿ ಎತ್ತರದಲ್ಲಿ ಅರ್ಧ ಇಂಚು ವ್ಯತ್ಯಾಸವಿರಬಹುದು. ಹಾಗೆಂದು ಒಬ್ಬ ಹುಡುಗನ ಎತ್ತರ ನೋಡಿ ಅವನು ಯಾವ ಶಾಲೆಯವನೆಂದು ಹೇಳಲಾದೀತೆ? ಸ್ಕ್ಯಾನ್ ಕಥೆಯೂ ಅಷ್ಟೆ. ಅನೇಕ ರೋಗಿಗಳ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ರೋಗ ನಿರ್ಧಾರವಾಗುವುದು ರೋಗಿಯೊಡನೆ, ಮನೆಯವರೊಡನೆ ಮಾತಾಡಿ.

ಹಾಗಾದರೆ ಸ್ಕ್ಯಾನ್ ಯಾವಾಗ ಬೇಕು? ಮೂರ್ಛೆ, ತೀವ್ರ ತಲೆನೋವು, ಕೈಕಾಲಿನ ಶಕ್ತಿ ಕುಂದುವುದು, ತಲೆಗೆ ಪೆಟ್ಟು, ಜ್ವರದೊಡನೆ ಗೊಂದಲ, ಅಥವಾ ಇಳಿವಯಸ್ಸಿನಲ್ಲಿ ಮೊದಲ ಬಾರಿ ಇಂಥ ಲಕ್ಷಣ ಕಂಡಾಗ. ಗಡ್ಡೆ, ಸೋಂಕು ಮೊದಲಾದವು ಇಲ್ಲವೆಂದು ಖಚಿತಪಡಿಸಲು ಅದು ನೆರವಾಗುತ್ತದೆ.

ವರದಿ ನಾರ್ಮಲ್ ಎಂದ ಕೂಡಲೇ ‘ಏನೂ ಇಲ್ಲ, ಸೋಗು ಹಾಕ್ತಾನೆ’ ಎಂದು ಗುಳಿಗೆ ನಿಲ್ಲಿಸುವುದೇ ದೊಡ್ಡ ಅಪಾಯ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಚೇತರಿಕೆಯ ಸಾಧ್ಯತೆ ಹೆಚ್ಚು. ಸ್ಕ್ಯಾನಿಗೆ ಸಾಲ ಮಾಡುವ ಮೊದಲು ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ವೈದ್ಯರು ಹೇಳದೆ ಗುಳಿಗೆ ಮಾತ್ರ ನಿಲ್ಲಿಸಬೇಡಿ.